ಬೀಗರ ತಟ್ಟೆಯಲ್ಲಿ ಬಂದ ಸಿಡಿ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ನಾನು ಕಾನಹೊಸಹಳ್ಳಿಯಿಂದ ಹೊರಟು, ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ, ಅಲ್ಲಿಗೆ ಪಾಠ ಹೇಳಲು ಹೋಗುತ್ತಿದ್ದೆ. ಇಲ್ಲಿ ಬರೆಯುವುದು ನಾನು ಕಣ್ಣಾರೆ ಕಂಡದ್ದನ್ನು ಮಾತ್ರ. ಕಂಡೆ ಎಂದು ಹೇಳುವುದೇ ಆ ದಿನಗಳಲ್ಲಿ ಒಂದು ತಪ್ಪಾಗಿತ್ತು. ಆದ್ದರಿಂದ ಈಗಲೂ ಸ್ವಲ್ಪ ಎಚ್ಚರದಿಂದಲೇ ಬರೆಯುತ್ತೇನೆ.

ಕೇಂದ್ರದ ಮಾಲೀಕರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಮೊದಲು ಅವರು ಅದೇ ಮಹಡಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಟೈಪ್‌ರೈಟರುಗಳನ್ನು ಮಾರಿ ಕಂಪ್ಯೂಟರು ತಂದರು. ಯಂತ್ರ ಬದಲಾಯಿತು, ಭಯ ಮಾತ್ರ ಹೊಸದಾಗಿ ಸೇರಿಕೊಂಡಿತು. ಬಾಗಿಲಿಗೆ ಎರಡು ಬೋರ್ಡು ಹಾಕಿಸಿದ್ದರು. ಒಂದು, ಚಪ್ಪಲಿ ಹೊರಗೆ ಬಿಡಿ. ಇನ್ನೊಂದು, ಹೊರಗಿನ ಫ್ಲಾಪಿ ತರಬೇಡಿ. ಎರಡಕ್ಕೂ ಕಾರಣ ಒಂದೇ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಧೂಳು ಒಳಗೆ ಬಂದರೆ ವೈರಸ್ ಬರುತ್ತದೆ. ಪ್ರತಿ ಕಂಪ್ಯೂಟರಿಗೂ ಹೂವಿನ ಚಿತ್ತಾರದ ಬಟ್ಟೆಯ ಮುಸುಕು ಹೊಲಿಸಿದ್ದರು. ಬೆಳಿಗ್ಗೆ ಮುಸುಕು ತೆಗೆದು, ಪರದೆಗಳಿಗೆಲ್ಲ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದ ಮೇಲೆಯೇ ಪಾಠ. ಊದುಬತ್ತಿಯ ಬೂದಿ ಕೀಲಿಮಣೆಯೊಳಗೆ ಬೀಳುತ್ತಿತ್ತು. ಅದು ಧೂಳಿನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಂಪ್ಯೂಟರುಗಳು ಹಲವಿದ್ದರೂ ಇಂಟರ್‌ನೆಟ್ ಇದ್ದದ್ದು ಒಂದಕ್ಕೆ ಮಾತ್ರ. ಟೆಲಿಫೋನ್ ತಂತಿ ಕಿಟಕಿಯ ಪಕ್ಕದ ಮೂಲೆಯವರೆಗಷ್ಟೇ ಬರುತ್ತಿತ್ತು. ಆ ಮೂಲೆಯ ಯಂತ್ರದ ಮುಂದೆ, ಹಾಲಿಗೆ ಮುಖ ಮಾಡಿ, ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ತಾಯಿ ಬಸ್ ನಿಲ್ದಾಣದ ಬಳಿ ಮಂಡಕ್ಕಿ ಮಿರ್ಚಿ ಮಾರುತ್ತಿದ್ದರು. ಹುಡುಗಿ ನಮ್ಮಲ್ಲಿ ಕಲಿಯಲು ಬಂದವಳೇ, ಆದರೆ ಎಲ್ಲರಿಗಿಂತ ಚುರುಕು. ಕಾಲೇಜಿನ ಅರ್ಜಿ, ಪರೀಕ್ಷೆಯ ಪ್ರಕಟಣೆ, ಯಾರದೋ ಇ-ಮೇಲ್, ಏನೇ ಇರಲಿ ಅವಳೇ ತೆರೆದು ಕೊಡುತ್ತಿದ್ದಳು. ಕೋರ್ಸು ಮುಗಿದ ಕೂಡಲೇ ಆ ಕುರ್ಚಿಯ ಕೆಲಸವನ್ನು ಅವಳಿಗೇ ಕೊಡುವುದಾಗಿ ಸರ್ ಮಾತು ಕೊಟ್ಟಿದ್ದರು. ತಾಯಿ ಅದನ್ನು ಹಡಗಲಿ ಬಸ್ಸಿನ ಕಂಡಕ್ಟರನಿಂದ ಹಿಡಿದು ಮಿರ್ಚಿ ತಿನ್ನಲು ನಿಂತವರಿಗೆಲ್ಲ ಹೇಳಿಬಿಟ್ಟಿದ್ದರು. "ನನ್ನ ಮಗಳು ಕುರ್ಚಿ ಮ್ಯಾಲೆ ಕುಂತು ದುಡೀತಾಳ. ಎಣ್ಣಿ ಮುಂದ ನಿಂತು ಅಲ್ಲ."

ಸರ್ ಮಗಳಿಗೆ ಹರಪನಹಳ್ಳಿಯ ಕಡೆ ಸಂಬಂಧದ ಮಾತುಕತೆ ಮುಗಿದಿತ್ತು, ನಿಶ್ಚಿತಾರ್ಥವಷ್ಟೇ ಬಾಕಿ. ಆ ಬೀಗರು ಒಂದು ದಿನ ಕೇಂದ್ರ ನೋಡಲು ಬಂದರು. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ಮೇಲೊಂದು ಸಿಡಿ. ದಾವಣಗೆರೆಯಲ್ಲಿ ಯಾವುದೋ ಅಂಗಡಿಯವನು ಅವರಿಗೆ ಪುಕ್ಕಟೆ ಕೊಟ್ಟದ್ದಂತೆ.

"ಇದರಾಗೆ ದೇವ್ರು ಐತೆ ನೋಡ್ರಿ," ಎಂದರು ಬೀಗರು. "ಕಂಪ್ಯೂಟರ್ ಸುಮ್ನೆ ಇದ್ರೆ ತಾನಾಗೇ ಆರತಿ ಆಗ್ತದೆ. ಗಂಟೇನೂ ಹೊಡೀತದೆ."

ಸರ್ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸಿಡಿಯನ್ನು ಕಣ್ಣಿಗೊತ್ತಿಕೊಂಡರು. ನಾನು ಪಕ್ಕದಲ್ಲಿ ನಿಂತಿದ್ದೆ. ಬೋರ್ಡಿನ ನೆನಪಾಗಿ, ಮೊದಲು ಆಂಟಿವೈರಸ್ಸಿನಲ್ಲಿ ಪರೀಕ್ಷಿಸೋಣವೇ ಎಂದು ಮೆಲ್ಲಗೆ ಕೇಳಿದೆ. ಸರ್ ನನ್ನನ್ನು ನೋಡಿದ ನೋಟ, ಬೀಗರು ತಂದ ಬಾಳೆಹಣ್ಣನ್ನು ತೊಳೆದು ತಿನ್ನೋಣವೇ ಎಂದು ಅವರ ಮುಂದೆಯೇ ಕೇಳಿದವಳನ್ನು ನೋಡುವಂತಿತ್ತು.

"ಬೀಗರು ಕೊಟ್ಟಿದ್ದನ್ನ ತಪಾಸಣಿ ಮಾಡ್ತಾರೇನ್ರಿ ಮೇಡಂ?"

ಸಿಡಿ ಹಾಕಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಒಪ್ಪಂದ ಬಂತು. ಅದರ ಕೆಳಗೆ, ಇದೆಲ್ಲ ನನಗೆ ಒಪ್ಪಿಗೆ ಎಂದು ಹೇಳುವ ಗುಂಡಿ. ಸರ್ ಓದಲಿಲ್ಲ, ಒತ್ತಿದರು. ಮತ್ತೆ ಮುಂದೆ, ಮುಂದೆ, ಮುಂದೆ ಎಂದು ಒತ್ತಿದರು. ಆಂಟಿವೈರಸ್ ಒಂದು ಸಲ ಕೆಂಪಗಾಗಿ ಏನನ್ನೋ ಕೇಳಿತು. "ಇದೊಂದು, ಶುಭ ಕೆಲಸದಾಗ ಅಡ್ಡ ಬಾಯಿ," ಎಂದು ಅದನ್ನು ಮುಚ್ಚಿದರು. ಆಮೇಲೆ ಪರದೆಯಲ್ಲಿ ದೇವರು ಮೂಡಿದರು. ಯಾವ ದೇವರೆಂದು ನಾನು ಹೇಳುವುದಿಲ್ಲ. ಪಾಪ, ಅವರದೇನೂ ತಪ್ಪಿರಲಿಲ್ಲ. ಐದು ಬತ್ತಿಯ ಆರತಿ ಎಡದಿಂದ ಬಲಕ್ಕೆ ತಿರುಗಿತು, ಗಂಟೆ ಬಾರಿಸಿತು. ಬೀಗರು ಕೈ ಮುಗಿದರು, ನಾವೂ ಮುಗಿದೆವು. ಸಂಜೆಯೊಳಗೆ ಎಲ್ಲ ಕಂಪ್ಯೂಟರುಗಳಲ್ಲೂ ಆರತಿ ನಡೆಯುತ್ತಿತ್ತು, ಆದರೆ ಒಂದರ ಗಂಟೆ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ.

ಮೊದಮೊದಲು ಸಣ್ಣಪುಟ್ಟ ಬದಲಾವಣೆ. ಆಂಟಿವೈರಸ್ಸಿನ ಚಿತ್ರ ಪರದೆಯ ಮೂಲೆಯಿಂದ ಮಾಯವಾಯಿತು. ಅದನ್ನು ಯಾರೂ ಗಮನಿಸಲಿಲ್ಲ, ನನ್ನನ್ನು ಬಿಟ್ಟರೆ. ನಾನು ಹೇಳಿದಾಗ ಸರ್, "ಹೋದ್ರ ಹೋಗ್ಲಿ ಬಿಡ್ರಿ, ಬರೀ ನಿಧಾನ ಮಾಡ್ತಿತ್ತು," ಎಂದರು. ಇಂಟರ್‌ನೆಟ್ ತೆರೆದರೆ ಮೊದಲು ಬರುತ್ತಿದ್ದ ಪುಟದ ಬದಲು ಬೇರೆ ಯಾವುದೋ ಪುಟ ಬರತೊಡಗಿತು. ಮೂಲೆಯ ಯಂತ್ರದ ಮೋಡೆಮ್ಮಿನ ಸಣ್ಣ ಕೆಂಪು ದೀಪಗಳು, ನಾವು ಏನನ್ನೂ ಕಳಿಸದೆ, ಏನನ್ನೂ ತರಿಸದೆ ಕೂತಾಗಲೂ ಪಟಪಟ ಮಿನುಗುತ್ತಿದ್ದವು. ಸಿಡಿ ಇಡುವ ತಟ್ಟೆ ತಾನಾಗಿ ಹೊರಗೆ ಬಂದು, ಯಾರೂ ಏನೂ ಇಡದಿದ್ದಾಗ ಒಳಗೆ ಹೋಗುತ್ತಿತ್ತು. ಸರ್ ಅದರ ಮೇಲೊಂದು ಹೂವಿಟ್ಟರು. ಒಳಗೆ ಹೋಯಿತು. ಅದನ್ನು ಹೊರಗೆ ತೆಗೆಯಲು ನನಗೆ ಬಹಳ ಹೊತ್ತು ಹಿಡಿಯಿತು.

ಮಿಕ್ಕ ಕಂಪ್ಯೂಟರುಗಳಲ್ಲಿ ಇನ್ನೊಂದು ವಿಚಿತ್ರ. ಪಾಠದ ನಡುವೆ ಬಿಳಿಯ ಖಾಲಿ ಕಿಟಕಿ ತೆರೆದುಕೊಳ್ಳುವುದು, ಪುಟ ಸಿಗುತ್ತಿಲ್ಲ ಎಂದು ಬರೆದು ನಿಲ್ಲುವುದು. ಹುಡುಗಿಯರು ಅದನ್ನು ಮುಚ್ಚಿ ಕೆಲಸ ಮುಂದುವರಿಸುತ್ತಿದ್ದರು. ಬಿಳಿಯ ಪುಟದ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ಮೂಲೆಯ ಯಂತ್ರದಲ್ಲಿ. ಹೆಣ್ಣುಮಕ್ಕಳ ಬ್ಯಾಚು ನಡೆಯುತ್ತಿತ್ತು. ತಮ್ಮ ಮಗಳನ್ನು ಸೇರಿಸಲು ಬಂದಿದ್ದ ಒಬ್ಬ ಯಜಮಾನರಿಗೆ ಸರ್ ಹಾಲ್ ತೋರಿಸುತ್ತಿದ್ದರು. ನಾನು ಆ ಹುಡುಗಿಯ ಬೆನ್ನ ಹಿಂದೆ ನಿಂತಿದ್ದೆ. ಅವಳು ಪರೀಕ್ಷಾ ಮಂಡಳಿಯ ಪುಟ ಬರಲೆಂದು ಕಾಯುತ್ತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು. ಇದನ್ನು ಮತ್ತೆ ಹೇಳುತ್ತೇನೆ, ಎರಡೂ ಕೈ ಮಡಿಲಲ್ಲಿದ್ದವು. ಕಿಟಕಿಯೊಂದು ತಾನಾಗಿ ತೆರೆಯಿತು, ಅದರಲ್ಲಿ ಬರಬಾರದ ಚಿತ್ರವಿತ್ತು. ಅವಳು ಮೌಸ್ ಹಿಡಿದು ಮುಚ್ಚಿದಳು. ಒಂದನ್ನು ಮುಚ್ಚಿದರೆ ಎರಡು ಬಂದವು. ಪಕ್ಕದ ಹುಡುಗಿಯರು ಎದ್ದು ಬಗ್ಗಿ ನೋಡಿದರು. ಇವಳು ಗಾಬರಿಯಾಗಿ ಮಾನಿಟರಿನ ಗುಂಡಿಯನ್ನೇ ಒತ್ತಿ ಆರಿಸಿದಳು. ಅಷ್ಟರಲ್ಲಿ ಸರ್ ಹಿಂದೆ ಬಂದು ನಿಂತಿದ್ದರು.

"ಏನ್ ನೋಡಾಕತ್ತಿ ಅದನ್ನ? ಇದು ಸಾಲಿ ಅಂತ ತಿಳಕೊಂಡಿಯೋ, ಟೆಂಟ್ ಸಿನಿಮಾ ಅಂತ ತಿಳಕೊಂಡಿಯೋ?"

"ನಾ ಏನೂ ಒತ್ತಿಲ್ಲ ಸರ್. ತಾನ ಬಂತು."

"ತಾನ ಬಂದಿದ್ರ ಯಾಕ ಆರಿಸಿದಿ? ಕಳ್ಳತನ ಇಲ್ಲದವ್ರು ಮುಚ್ಚಿಡತಾರೇನು?"

ಹೊಸ ಯಜಮಾನರು ಮಗಳ ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಸರ್ ದನಿ ಇನ್ನೂ ಏರಿತು. ಅಂಥವಳ ಮಗಳು ಇಂಥವಳು ಎನ್ನುವ ಮಾತೂ ಬಂತು. ಅದನ್ನು ಪೂರ್ತಿ ಬರೆಯಲಾರೆ. ಕೆಳಗೆ ಗೊಬ್ಬರದ ಅಂಗಡಿಯವರಿಗೂ ಕೇಳಿಸಿತು.

ಆಮೇಲೆ ನನ್ನನ್ನು ತಮ್ಮ ಗಾಜಿನ ಕೋಣೆಗೆ ಕರೆದರು.

"ನೀವು ಹಿಂದ ನಿಂತಿದ್ರಿ ಮೇಡಂ. ಏನ್ ನೋಡಿದ್ರಿ, ಖರೇ ಹೇಳ್ರಿ."

"ಆಕಿ ಏನೂ ಒತ್ತಲಿಲ್ಲ ಸರ್. ಕೈ ಕೀಲಿಮಣಿ ಮ್ಯಾಲೆ ಇದ್ದಿಲ್ಲ. ತಾನ ತೆರೀತು."

"ಏನು ತೆರೀತು?"

"ಕಿಟಕಿ."

"ಕಿಟಕ್ಯಾಗ ಏನಿತ್ತು?"

"ಚಿತ್ರ."

"ಎಂಥಾ ಚಿತ್ರ?"

ನಾನು ಸೆರಗು ಸರಿಮಾಡಿಕೊಂಡೆ. ಸರ್ ಕುರ್ಚಿಗೆ ಒರಗಿದರು. "ಅಂದ್ರ ನೀವೂ ನೋಡೀರಿ."

ಆಗ ಗೊತ್ತಾಯಿತು, ಈ ವ್ಯವಹಾರದಲ್ಲಿ ಸಾಕ್ಷಿಗೆ ಜಾಗವೇ ಇಲ್ಲ. ಅವಳು ಒತ್ತಲಿಲ್ಲ ಎಂದು ಹೇಳಬೇಕಾದರೆ ನಾನು ಪರದೆಯನ್ನು ನೋಡಿರಬೇಕು. ಪರದೆಯನ್ನು ನೋಡಿದ್ದರೆ ನಾನು ಮರ್ಯಾದಸ್ಥೆಯಲ್ಲ. ಮರ್ಯಾದಸ್ಥೆಯಲ್ಲದವಳ ಮಾತಿಗೆ ಬೆಲೆಯಿಲ್ಲ. ಬ್ಯಾಚಿನ ಉಳಿದ ಹುಡುಗಿಯರು ನನಗಿಂತ ಜಾಣೆಯರು. ಒಬ್ಬೊಬ್ಬರನ್ನೇ ಕರೆದು ಕೇಳಿದಾಗ ಎಲ್ಲರೂ, "ನಾವು ಆ ಕಡಿ ನೋಡೇ ಇಲ್ರಿ ಸರ್," ಎಂದರು. ಮೆಟ್ಟಿಲು ಇಳಿಯುವಾಗ ಮಾತ್ರ ಚಿತ್ರದಲ್ಲಿ ಎಷ್ಟು ಜನ ಇದ್ದರು ಎಂಬ ಬಗ್ಗೆ ಅವರಲ್ಲೇ ಭಿನ್ನಾಭಿಪ್ರಾಯ ಬಂತು.

ಹುಡುಗಿಗೆ ಕೆಲವು ದಿನ ಬರಬೇಡವೆಂದರು. ಅವಳಿಲ್ಲದ ದಿನಗಳಲ್ಲಿ ಒಂದು ಕೆಟ್ಟ ಚಿತ್ರವೂ ಬರಲಿಲ್ಲ. ಸರ್ ಇದನ್ನು ಬಂದವರಿಗೆಲ್ಲ ಹೇಳಿದರು. "ನೋಡ್ರಿ, ಆಕಿ ಹೋದ ಮ್ಯಾಲೆ ಯಂತ್ರ ಎಷ್ಟು ಸಂಭಾವಿತ ಆಗೈತಿ." ಅವಳಿಲ್ಲದ ದಿನಗಳಲ್ಲಿ ಇಂಟರ್‌ನೆಟ್ಟಿಗೆ ಸೇರಿಸುವವರೇ ಇರಲಿಲ್ಲ, ಮೋಡೆಮ್ ಆರಿಸಿಯೇ ಇತ್ತು, ಆದ್ದರಿಂದ ಆ ಯಂತ್ರವೂ ಬಿಳಿಯ ಖಾಲಿ ಪುಟ ತೋರಿಸಿ ಸುಮ್ಮನಾಗುತ್ತಿತ್ತು. ಇದನ್ನು ನಾನು ಹೇಳಿದೆ. ಎರಡು ಸಲ ಹೇಳಿದೆ. ಚಿತ್ರ ಬರುವುದು ಟೆಲಿಫೋನ್ ತಂತಿಯಿಂದ, ಅದನ್ನು ಕರೆಯುವವನು, ಯಾವುದೋ ಕಳ್ಳ ಪ್ರೋಗ್ರಾಮು, ಒಳಗೇ ಇದ್ದಾನೆ, ಅವನು ಎಲ್ಲ ಕಂಪ್ಯೂಟರುಗಳಲ್ಲೂ ಕೂತಿದ್ದಾನೆ, ತಂತಿ ಇಲ್ಲದ ಕಡೆ ಬರಿಗೈಯಲ್ಲಿ ಬಿಳಿ ಪುಟ ತೋರಿಸುತ್ತಾನೆ, ಅಷ್ಟೇ. ಆಮೇಲೆ, ಇದೆಲ್ಲ ಶುರುವಾದದ್ದು ಆರತಿಯ ಸಿಡಿ ಹಾಕಿದ ಮೇಲೆ ಎಂದೂ ಹೇಳಿದೆ.

"ದೇವರ ಫೋಟೋದಾಗ ಹೊಲಸು ಐತಿ ಅಂತೀರೇನು?"

"ದೇವರದಾಗ ಅಲ್ಲ ಸರ್. ದೇವರ ಹಿಂದ ಅಡಗಿ ಬಂದೈತಿ."

"ಇದನ್ನ ಹೊರಗ ಅಂದ್ರಿ ಅಂದ್ರ ನನ್ನ ಮಗಳ ನಿಶ್ಚಿತಾರ್ಥ ಅಲ್ಲಿಗೆ ಮುಗೀತು. ಬೀಗರು ಏನಂತ ತಿಳ್ಕೊಂತಾರ? ತಟ್ಟ್ಯಾಗ ರೋಗ ಕೊಟ್ರು ಅಂತ ಊರ ತುಂಬ ಹೇಳ್ಯಾರ ಅಂತ."

ಆದರೂ ಸರ್ ಮನಸ್ಸಿನಲ್ಲಿ ಎಲ್ಲೋ ಒಂದು ಅನುಮಾನ ಹತ್ತಿರಬೇಕು. ಮೂಲೆಯ ಯಂತ್ರದಿಂದ ಮಾತ್ರ ಆರತಿಯನ್ನು ತೆಗೆಯಲು ಒಪ್ಪಿದರು. ಆದರೆ ದೇವರನ್ನು ಹಾಗೆಯೇ ಅಳಿಸುವುದು ಹೇಗೆ? ಒಬ್ಬ ಅಯ್ಯನವರನ್ನು ಕರೆಸಿದರು. ಹೊಸ ಅಂಗಡಿ, ಹೊಸ ಟ್ರ್ಯಾಕ್ಟರು, ಬೋರ್‌ವೆಲ್ಲು, ಎಲ್ಲಕ್ಕೂ ಪೂಜೆ ಮಾಡುವವರು ಅವರೇ.

"ನಾನು ಯಂತ್ರ ಪೂಜಿ ಮಾಡೀನಿ, ಅಳಿಸೋ ಪೂಜಿ ಗೊತ್ತಿಲ್ಲ," ಎಂದರು ಅಯ್ಯನವರು. "ಪ್ರತಿಷ್ಠಾಪನಿ ಯಾರು ಮಾಡಿದ್ರು?"

"ಬೀಗರು ತಟ್ಟ್ಯಾಗ ಕೊಟ್ರು, ನಾನು ಕಣ್ಣಿಗೆ ಒತ್ಕೊಂಡು ಹಾಕ್ದೆ."

"ಹಂಗಾರ ಅದ ಪ್ರತಿಷ್ಠಾಪನಿ ಆತು. ವಿಸರ್ಜನಿ ಮಾಡೋಣ ಬಿಡ್ರಿ. ಕಾಯಿ ಎಲ್ಲಿ ಒಡೀಲಿ? ಈ ಡಬ್ಬಿ ಮ್ಯಾಲೆ ನೀರು ಸಿಡಿದು ಸುಟ್ಟಿತು ಅಂದ್ರ ನನ್ನ ಹೆಸರು ಹೇಳಬಾರ್ದು ಮತ್ತ."

ಕಾಯನ್ನು ಮೆಟ್ಟಿಲ ಮೇಲೆ ಒಡೆದರು. ಮಾನಿಟರಿಗೆ ಅಕ್ಷತೆ ಹಾಕಿದರು. ಅಯ್ಯನವರು ಮಂತ್ರ ಹೇಳುತ್ತಿರುವಾಗ ಸರ್ ಮೌಸ್ ಹಿಡಿದು ಅಳಿಸುವ ಗುಂಡಿ ಒತ್ತಿದರು. ಇದನ್ನೂ ಇದರ ಎಲ್ಲ ಭಾಗಗಳನ್ನೂ ಪೂರ್ತಿಯಾಗಿ ತೆಗೆಯಲು ನಿಮಗೆ ಖಚಿತವೇ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ಕೇಳಿತು. ಸರ್ ಬೆರಳು ನಿಂತಿತು. ನನ್ನಿಂದ ಅರ್ಥ ಕೇಳಿ, ಅಯ್ಯನವರ ಮುಖ ನೋಡಿದರು. "ಹೂಂ ಅನ್ರಿ, ಹೂಂ ಅನ್ರಿ," ಎಂದರು ಅಯ್ಯನವರು, ಮಂತ್ರದ ನಡುವೆಯೇ. ಸರ್ ಹೂಂ ಎಂದೂ ಹೇಳಿ ಗುಂಡಿಯನ್ನೂ ಒತ್ತಿದರು. ಆರತಿ ಹೋಯಿತು, ಗಂಟೆ ನಿಂತಿತು. ದೇವರು ಹೋದರು. ದೇವರ ಜೊತೆ ಬಂದವನು ಉಳಿದ.

ಅವನು ಉಳಿದದ್ದು ನಮಗೆ ಆಗ ಗೊತ್ತಿರಲಿಲ್ಲ. ಒಳಗೆ ಬಂದ ದಿನವೇ ಅವನು ಆರತಿಯನ್ನು ಬಿಟ್ಟು ಬೇರೆ ಜಾಗ ನೋಡಿಕೊಂಡಿದ್ದ. ವಿಂಡೋಸಿನ ಸ್ವಂತ ಕಡತಗಳ ನಡುವೆ, ಅವುಗಳದ್ದೇ ಹೆಸರಿಗೆ ಒಂದಕ್ಷರ ಹೆಚ್ಚು ಕಡಿಮೆ ಮಾಡಿಕೊಂಡು, ಮನೆಯವನ ಹಾಗೆ ಕೂತಿದ್ದ. ಯಂತ್ರ ಎದ್ದಾಗಲೆಲ್ಲ ಅದರೊಂದಿಗೆ ಏಳುತ್ತಿದ್ದ. ವಿಸರ್ಜನೆಯಾದ ಮೇಲೆ ಹುಡುಗಿಗೆ ಬರಹೇಳಿದೆವು. ಅವಳು ಬಂದಳು, ಕೂತಳು, ಮೋಡೆಮ್ ಹಚ್ಚಿದಳು. ಸರ್ ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಕಿಟಕಿ ತೆರೆಯಿತು.

"ಈಗ ಏನಂತೀರಿ ಮೇಡಂ?" ಎಂದು ಸರ್ ನನ್ನನ್ನು ಕೇಳಿದರು. ಗೆದ್ದವರ ದನಿಯಲ್ಲಿ. "ದೇವರನ್ನೂ ಕಳಿಸಿದ್ದಾತು. ಇನ್ನ ಉಳಿದವ್ರು ಯಾರು?"

ಹುಡುಗಿ ಎದ್ದು ನಿಂತಳು. ಅಳಲಿಲ್ಲ. "ಸರ್, ನನ್ನ ಬೆರಳು ಎಲ್ಲಿದ್ವು ನೀವ ನೋಡಿದ್ರಿ," ಎಂದಳು.

"ನಿನ್ನ ಬೆರಳು ನೋಡೋದ ನನ್ನ ಕೆಲಸೇನು? ನಾಳಿಂದ ಬರಬ್ಯಾಡ. ಕುರ್ಚಿಗೆ ಬ್ಯಾರೆ ಯಾರ್ನರ ನೋಡ್ತೀನಿ."

ನಾನು ಮಾರನೆಯ ದಿನ ಬಸ್ಸಿಳಿದಾಗ ಅವಳು ತಾಯಿಯ ಪಕ್ಕದಲ್ಲಿ ನಿಂತು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ತಾಯಿ ನನ್ನ ಕಡೆ ನೋಡಲಿಲ್ಲ. ಮಿರ್ಚಿ ತಿನ್ನುತ್ತಿದ್ದ ಇಬ್ಬರು ಹುಡುಗರು ಇಂಟರ್‌ನೆಟ್ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಅವಳು ಈರುಳ್ಳಿಯಿಂದ ಕಣ್ಣೆತ್ತಲಿಲ್ಲ.

ಪರೀಕ್ಷೆಯ ಫಲಿತಾಂಶ ಬಂದ ದಿನ ಮೆಟ್ಟಿಲಿನವರೆಗೆ ಜನ. ಆಗ ಫಲಿತಾಂಶ ಶಾಲೆಯ ಬೋರ್ಡಿಗಿಂತ ಮೊದಲು ಇಂಟರ್‌ನೆಟ್ಟಿನಲ್ಲಿ ಬರುತ್ತಿತ್ತು. ಬೀಗರೂ ಹರಪನಹಳ್ಳಿಯಿಂದ ಬಂದಿದ್ದರು, ನಿಶ್ಚಿತಾರ್ಥದ ಮಾತಿಗೆ. ಸರ್ ಅವರಿಗೆ ಮೂಲೆಯ ಯಂತ್ರದ ಪಕ್ಕವೇ ಕುರ್ಚಿ ಹಾಕಿಸಿ, ತಾವೇ ಹುಡುಗಿಯ ಜಾಗದಲ್ಲಿ ಕೂತರು. ಮಕ್ಕಳ ಫಲಿತಾಂಶಕ್ಕೆ ಬಂದ ಅಪ್ಪಂದಿರೆಲ್ಲ ಸುತ್ತಿ ಬಂದು ಕುರ್ಚಿಯ ಹಿಂದೆ ಒತ್ತಿ ನಿಂತರು. ಮೋಡೆಮ್ ಕಿರುಚಿ, ಕರಕರ ಎಂದು, ಸೇರಿಕೊಂಡಿತು. ಫಲಿತಾಂಶದ ಪುಟ ಬರುತ್ತಿತ್ತು, ಅದರ ಮೇಲೆ ಇನ್ನೊಂದು ಕಿಟಕಿ ತೆರೆಯಿತು.

ಆ ದಿನ ತಂತಿಯ ಮೇಲೆ ಎಲ್ಲ ಊರುಗಳ ಭಾರವಿತ್ತು. ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದು ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಕೂದಲು ಬಂತು, ಆಮೇಲೆ ಹಣೆ. ಬೀಗರು, "ಯಾರ್ರೀ ಇದು, ರ‍್ಯಾಂಕ್ ಬಂದ ಹುಡುಗಿಯೇನ್ರಿ?" ಎಂದು ಮುಂದಕ್ಕೆ ಬಾಗಿದರು. ಕಣ್ಣು ಬಂತು, ಗದ್ದ ಬಂತು, ಕುತ್ತಿಗೆ ಬಂತು. ಭುಜ ಬಂದಾಗ ಹಾಲಿನಲ್ಲಿ ಸದ್ದಡಗಿತು. ಸರ್ ಮುಚ್ಚುವ ಗುಂಡಿ ಒತ್ತಿದರು. ಎರಡು ಕಿಟಕಿ ತೆರೆದು, ಎರಡರಲ್ಲೂ ಕೂದಲಿನಿಂದ ಶುರುವಾಯಿತು. ಅಪ್ಪಂದಿರು ಯಾರೂ ತಲೆ ತಿರುಗಿಸಲಿಲ್ಲ. ಇದನ್ನು ನಾನು ನೋಡಿದೆ, ಏಕೆಂದರೆ ಈ ಸಲ ನಾನು ಪರದೆಯನ್ನಲ್ಲ, ಅವರನ್ನು ನೋಡುತ್ತಿದ್ದೆ.

ಸರ್ ಹೆಗಲ ಮೇಲಿನ ಟವೆಲ್ ತೆಗೆದು ಮಾನಿಟರಿಗೆ ಹೊದಿಸಿದರು. ಓಡಿ ಹೋಗಿ ಗೋಡೆಯ ಸ್ವಿಚ್ ಆರಿಸಿದರು. ಫ್ಯಾನು ನಿಂತಿತು, ದೀಪ ಆರಿತು. ಯುಪಿಎಸ್ ಕುಂಯ್ ಕುಂಯ್ ಎನ್ನುತ್ತಾ ಯಂತ್ರಕ್ಕೆ ಕರೆಂಟು ಕೊಡುತ್ತಲೇ ಇತ್ತು. ತೆಳು ಟವೆಲ್ಲಿನ ಹಿಂದೆ, ಕತ್ತಲೆಯಾದ ಹಾಲಿನಲ್ಲಿ, ಚಿತ್ರ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

"ವೈರಸ್ರೀ, ವೈರಸ್!" ಎಂದು ಸರ್ ಕೂಗಿದರು.

ಒಂದೇ ಒಂದು ಪದ. ಅಷ್ಟಕ್ಕೇ ಎಲ್ಲ ಮುಗಿಯಿತು. "ಹೌದ್ರೀ, ವೈರಸ್ಸು, ಎಲ್ಲಾರಿಗೂ ಬರ್ತೈತಿ," ಎಂದು ಒಬ್ಬರು ಸಮಾಧಾನ ಮಾಡಿದರು. ಇನ್ನೊಬ್ಬರು ಸರ್ ಅವರನ್ನು ಕೂರಿಸಿ ನೀರು ಕೊಟ್ಟರು. ಕಳ್ಳತನ ಇಲ್ಲದಿದ್ದರೆ ಟವೆಲ್ ಯಾಕೆ ಹೊದಿಸಿದಿರಿ ಎಂದು ಯಾರೂ ಕೇಳಲಿಲ್ಲ. ಅವರ ತಾಯಿಯ ಹೆಸರು ಎತ್ತಲಿಲ್ಲ. ಬೀಗರು, "ಈ ಹೊಲಸು ಎಲ್ಲಿಂದ ಬರ್ತದೋ ಏನೋ, ನೀವು ಹೊರಗಿನ ಮಂದೀನ ಒಳಗೆ ಬಿಡಬಾರದು," ಎಂದು ಬುದ್ಧಿ ಹೇಳಿದರು. ಸರ್ ತಲೆಯಾಡಿಸಿದರು.

ಹೊಸಪೇಟೆಯಿಂದ ಕಂಪ್ಯೂಟರ್ ರಿಪೇರಿಯವನು ಬಂದ. ಯಂತ್ರವನ್ನು ಸ್ವಲ್ಪ ಹೊತ್ತು ನೋಡಿ, ಆಕಳಿಸಿ, "ಇದು ವೈರಸ್ ಅಲ್ಲ, ಟ್ರೋಜನ್," ಎಂದ. "ವೈರಸ್ ಆದ್ರ ತಾನ ಹಬ್ಬಿಕೊಂತ ಬರ್ತೈತಿ. ಇದಕ್ಕ ಆ ತ್ರಾಸಿಲ್ಲ. ಚೊಲೋ ವೇಷ ಹಾಕ್ಕೊಂಡು ಬಾಗಲದಾಗ ನಿಲ್ಲತೈತಿ, ನಾವ ಕರದು ಒಳಗ ಕುಂದರಸ್ತೀವಿ. ಚಿತ್ರ ತೋರಿಸಿದ್ದು ದೊಡ್ಡದಲ್ಲ ಬಿಡ್ರಿ. ನೀವು ಒತ್ತಿದ ಅಕ್ಷರ ಎಲ್ಲ ಬರಕೊಂಡು ತನ್ನ ಧಣಿಗೆ ಕಳಸತೈತಿ. ಪಾಸ್‌ವರ್ಡ್ ಎಲ್ಲ ಹೋಗಿರ್ತಾವ." ಮೋಡೆಮ್ಮಿನ ದೀಪಗಳು ಸುಮ್ಮಸುಮ್ಮನೆ ಮಿನುಗುತ್ತಿದ್ದದ್ದು ಯಾಕೆಂದು ಆಗ ನನಗೆ ತಿಳಿಯಿತು.

"ಯಾವಾಗ ಬಂದೈತಿ ಅಂತ ಗೊತ್ತಾಗತೈತೇನು?" ಎಂದು ಕೇಳಿದೆ. ಅವನು ಆ ಕಡತದ ದಿನಾಂಕ ತೋರಿಸಿದ. ಬೀಗರು ತಟ್ಟೆ ತಂದ ದಿನ. ಸರ್ ಬಗ್ಗಿ ಅದನ್ನು ಓದಿದರು.

"ದಿನಾಂಕ ಸೈತ ಅದ ಬದಲಿ ಮಾಡಿರ್ತೈತಿ," ಎಂದರು. "ಅಷ್ಟು ಕೆಟ್ಟದ್ದು ಐತಿ ಅದು."

ಎಲ್ಲ ಕಂಪ್ಯೂಟರುಗಳನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆವು. ಆಮೇಲೆ ಸರ್ ನನ್ನನ್ನು ಕರೆದರು. ಇಂಟರ್‌ನೆಟ್ಟಿಗೆ ಜನ ಬರುತ್ತಿದ್ದರು, ಕುರ್ಚಿ ಖಾಲಿಯಿತ್ತು.

"ಆ ಹುಡುಗಿಗೆ ಬರಾಕ ಹೇಳ್ರಿ. ನಾವು ಕ್ಷಮಿಸೀವಿ ಅಂತ ಹೇಳ್ರಿ."

ನಾನು ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಅಕ್ಷರ ಬದಲಿಸದೆ ಆ ಮಾತನ್ನೇ ಹೇಳಿದೆ. ಬದಲಿಸಿ ಹೇಳಿದರೆ ಹುಡುಗಿಗೆ ಅನ್ಯಾಯವಾಗುತ್ತಿತ್ತು. ತಾಯಿ ಎಣ್ಣೆಯಲ್ಲಿದ್ದ ಮಿರ್ಚಿಗಳನ್ನು ತಿರುವಿ ಹಾಕುತ್ತಿದ್ದರು.

"ಯಾರು ಯಾರ್ನ ಕ್ಷಮಿಸ್ಯಾರ ಯವ್ವಾ?" ಎಂದರು. "ನಿಮ್ಮ ಸರ್‌ಗೆ ಹೇಳು, ಇಲ್ಲೆ ಬಂದು ಕ್ಷಮಿಸು ಅಂತ. ಕಾದ ಎಣ್ಣಿ ಐತಿ."

"ನೀ ಸುಮ್ಮಿರಬೇ," ಎಂದಳು ಹುಡುಗಿ. ಆಮೇಲೆ ನನಗೆ, "ಬರ್ತೀನಿ ಮೇಡಂ. ಅವತ್ತು ಎಲ್ಲಾರ ಮುಂದ ಅಂದ್ರಲ್ಲ ಸರ್, ಅಷ್ಟ ಮಂದಿ ಮುಂದ, ಈಕಿ ಮಾಡಿದ್ದಲ್ಲ ಅಂತ ಅನ್ಬೇಕು. ಅಷ್ಟಂದ್ರ ಕುಂದರ್ತೀನಿ. ಇಲ್ಲಂದ್ರ ಈರುಳ್ಳಿ ಹೆಚ್ಚೋದು ನನಗೇನು ಕಷ್ಟ ಅಲ್ಲ."

ಸರ್ ಒಪ್ಪಲು ಮೂರ್ನಾಲ್ಕು ದಿನ ತೆಗೆದುಕೊಂಡರು. ಆಕೆ ಮಾಡಿದ್ದಲ್ಲ ಎಂದರೆ ಯಾರು ಮಾಡಿದ್ದು ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಕೊಟ್ಟರೆ ನಿಶ್ಚಿತಾರ್ಥ, ಎಂದು ನನಗೇ ಕಷ್ಟ ಹೇಳಿಕೊಂಡರು. ಕೊನೆಗೆ ಗಿರಾಕಿಗಳು ತಿರುಗಿ ಹೋಗುವುದನ್ನು ನೋಡಲಾರದೆ ಒಪ್ಪಿದರು. ಹೆಣ್ಣುಮಕ್ಕಳ ಬ್ಯಾಚು ಸೇರಿದಾಗ ಹುಡುಗಿ ಬಂದು ಬಾಗಿಲ ಬಳಿ ನಿಂತಳು. ಸರ್ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಏನೋ ಗೊಣಗಿದರು.

"ಕೇಳಸಲಿಲ್ಲ ಸರ್," ಎಂದಳು.

"ಅದು ಯಂತ್ರದ ದೋಷ ಅಂದೆ."

"ಹಂಗಲ್ಲ ಸರ್. ನನ್ನ ಬಗ್ಗೆ ಅನ್ರಿ. ಅವತ್ತು ಕೆಳಗ ಅಂಗಡಿತನಕ ಕೇಳಸಿತ್ತು. ಅಷ್ಟ ಜೋರಾಗಿ ಅನ್ರಿ."

ಸರ್ ಮುಖ ಕೆಂಪಾಯಿತು. ಹುಡುಗಿಯರೆಲ್ಲ ಕೀಲಿಮಣೆ ನೋಡುತ್ತಾ ಕೂತಿದ್ದರು, ಈ ಸಲವೂ ಯಾರೂ ಆ ಕಡೆ ನೋಡಲಿಲ್ಲ. "ಈ ಹುಡುಗಿ ಮಾಡಿದ್ದಲ್ಲ," ಎಂದರು ಸರ್, ಸಾಕಷ್ಟು ಜೋರಾಗಿ. ಯಾರು ಮಾಡಿದ್ದು ಎಂದು ಒಬ್ಬರೂ ಕೇಳಲಿಲ್ಲ. ಆ ಭಯ ಸರ್ ಒಬ್ಬರದೇ ಆಗಿತ್ತು.

ಅವಳು ತನ್ನ ಜಾಗಕ್ಕೆ ಹೋದಳು. ಅಲ್ಲಿ ಮೇಜು ಮೊದಲಿನ ಹಾಗಿರಲಿಲ್ಲ. ಹಿಂದಿನ ದಿನ ಸರ್ ಅದನ್ನು ತಿರುಗಿಸಿಟ್ಟಿದ್ದರು. ಮಾನಿಟರಿನ ಮುಖ ಹಾಲಿನ ಕಡೆಗೆ, ಗಾಜಿನ ಕೋಣೆಯಿಂದ ನೇರ ಕಾಣುವಂತೆ. ಕೂತವರ ಬೆನ್ನು ಎಲ್ಲರಿಗೆ.

"ಇದ್ಯಾಕ ತಿರುಗೇತಿ ಸರ್?"

"ಮುಂಜಾಗ್ರತಿ. ಏನ್ ಬಂದ್ರೂ ಎಲ್ಲಾರಿಗೂ ಕಾಣಬೇಕು."

"ನಿಮ್ಮ ಕೋಣ್ಯಾಗಿನ ಕಂಪ್ಯೂಟರೂ ತಿರುಗೇತೇನು?"

ಸರ್ ತಮ್ಮ ಕೋಣೆಗೆ ಹೋದರು. ಅವಳು ಮೇಜಿನ ಒಂದು ತುದಿ ಹಿಡಿದು ನನ್ನ ಕಡೆ ನೋಡಿದಳು. ಆಗಿನ ಮಾನಿಟರು ಒಬ್ಬರಿಂದ ಎತ್ತುವಂಥದ್ದಲ್ಲ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ತಂತಿಗಳು ಸಿಕ್ಕಿಕೊಂಡವು, ಬಿಡಿಸಿದೆವು. ಮೇಜಿನ ಕಾಲು ನೆಲಕ್ಕೆ ಉಜ್ಜಿ ಕರ್ರ್ ಎಂದು ದೊಡ್ಡ ಸದ್ದು ಮಾಡಿತು. ಮಾನಿಟರಿನ ಬೆನ್ನು ಹಾಲಿನ ಕಡೆಗೆ ಮಾಡಿ, ಮೊದಲಿದ್ದ ಹಾಗೆ ಇಟ್ಟೆವು. ಸರ್ ಗಾಜಿನ ಕೋಣೆಯಲ್ಲಿ ನಿಂತು ನೋಡುತ್ತಿದ್ದರು. ಅವಳು ಕುರ್ಚಿಯನ್ನು ಎಳೆದುಕೊಂಡು, ಹಾಲಿಗೆ ಮುಖ ಮಾಡಿ ಕೂತಳು. ಮೆಟ್ಟಿಲ ಬಳಿ ಕಾಯುತ್ತಿದ್ದ ಒಬ್ಬರನ್ನು, "ಬರ್ರಿ, ನಿಮ್ಮದೇನಿತ್ತು?" ಎಂದು ಕರೆದಳು.